ಎಷ್ಟು ಸ್ಕ್ಯಾನ್ ಮಾಡಿದರೆ ಸ್ಕ್ಯಾನ್ ಬಂದಂತೆ?

ಎಂ.ಡಿ. ಓದುತ್ತಿರುವ ಯುವ ವೈದ್ಯರೊಬ್ಬರ ಲಾಗ್‌ಬುಕ್ ತೆರೆದು ನೋಡೋಣ. ಐವತ್ತು ಸ್ಕ್ಯಾನ್‌ಗಳು ಸಾಲಾಗಿ ದಾಖಲಾಗಿವೆ. ದಿನಾಂಕ, ರೋಗಿಯ ಐ.ಪಿ. ನಂಬರು, ಯಾವ ಭಾಗದ ಸ್ಕ್ಯಾನ್, ಕಂಡದ್ದೇನು, ಕೊನೆಯ ಕಾಲಂನಲ್ಲಿ ಹಿರಿಯರ ಸಹಿ. ಸಹಿಗಳನ್ನು ಒಂದಿಷ್ಟು ಗಮನಿಸಿದರೆ ಹತ್ತು ಹದಿನೈದು ಒಂದೇ ಸಲಕ್ಕೆ ಬಿದ್ದಿರುವುದು ಗೊತ್ತಾಗುತ್ತದೆ. ಈ ಪುಸ್ತಕದಿಂದ ತಿಳಿಯುವುದು ಇಷ್ಟೆ: ಇವರು ಐವತ್ತು ಸಲ ಯಂತ್ರದ ಬಳಿ ನಿಂತಿದ್ದರು. ಮೈಮೇಲೆ ಆಡಿಸುವ ಪ್ರೋಬ್ ಹಿಡಿದದ್ದು ಇವರೋ ಪಕ್ಕದವರೋ, ಪರದೆಯ ಮೇಲೆ ಮೂಡಿದ ಚಿತ್ರ ಸರಿಯಿತ್ತೋ ಇಲ್ಲವೋ, ಅದನ್ನು ನೋಡಿ ತೆಗೆದುಕೊಂಡ ತೀರ್ಮಾನದಿಂದ ರೋಗಿಗೆ ಒಳಿತಾಯಿತೋ ಕೆಡುಕಾಯಿತೋ, ಇವು ಯಾವುವೂ ಅದರಲ್ಲಿಲ್ಲ. ಆದರೂ ಬಹಳಷ್ಟು ಕಡೆ ಇಂದಿಗೂ ಈ ಲೆಕ್ಕವೇ ಅರ್ಹತೆಯ ಮುಖ್ಯ ಸಾಕ್ಷಿ.

ಹಾಸಿಗೆ ಪಕ್ಕದ ಅಲ್ಟ್ರಾಸೌಂಡ್ ಎಂದರೆ ರೋಗಿಯನ್ನು ಸ್ಕ್ಯಾನಿಂಗ್ ಕೋಣೆಗೆ ಕಳಿಸದೆ, ಅವರನ್ನು ನೋಡಿಕೊಳ್ಳುತ್ತಿರುವ ವೈದ್ಯರೇ ಇದ್ದಲ್ಲಿಯೇ ಮಾಡುವ ಸ್ಕ್ಯಾನ್. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯ ಗೆಡ್ಡೆಗಳನ್ನು ಶಬ್ದತರಂಗದಿಂದ ನೋಡಬಹುದೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತೋರಿಸಿದ್ದು 1958ರಲ್ಲಿ. ಅಲ್ಲಿಂದ ಮುಂದೆ ಮೂರು ದಶಕ ಅದು ಹೆಚ್ಚಾಗಿ ರೇಡಿಯಾಲಜಿ, ಹೃದ್ರೋಗ, ಪ್ರಸೂತಿ ವಿಭಾಗಗಳ ಸ್ವತ್ತಾಗಿತ್ತು. 1990ರ ದಶಕದಲ್ಲಿ ಅಪಘಾತದ ರೋಗಿಗಳ ಹೊಟ್ಟೆಯಲ್ಲಿ ರಕ್ತಸ್ರಾವವಾಗಿದೆಯೇ ಎಂದು ನೋಡುವ 'ಫಾಸ್ಟ್' ಪರೀಕ್ಷೆ ಬಂತು. ಶಸ್ತ್ರವೈದ್ಯರೂ ತುರ್ತುಚಿಕಿತ್ಸಾ ವೈದ್ಯರೂ ಪ್ರೋಬ್ ಕೈಗೆತ್ತಿಕೊಂಡರು. 2008ರಲ್ಲಿ ಫ್ರಾನ್ಸಿನ ಡೇನಿಯಲ್ ಲಿಕ್ಟೆನ್‌ಸ್ಟೈನ್ ಉಸಿರುಗಟ್ಟಿ ಬಂದ ರೋಗಿಯ ಶ್ವಾಸಕೋಶವನ್ನು ನೋಡುವ 'ಬ್ಲೂ' ವಿಧಾನವನ್ನು ಪ್ರಕಟಿಸಿದರು. ಗಾಳಿ ತುಂಬಿದ ಶ್ವಾಸಕೋಶದಲ್ಲಿ ಅಲ್ಟ್ರಾಸೌಂಡಿಗೆ ಏನೂ ಕಾಣದೆಂಬ ಹಳೆಯ ನಂಬಿಕೆ ಅದರೊಂದಿಗೆ ಸಡಿಲಗೊಂಡಿತು. 2017ರ ಹೊತ್ತಿಗೆ ಮೊಬೈಲ್ ಫೋನಿಗೆ ಸಿಕ್ಕಿಸುವ, ಎರಡು ಸಾವಿರ ಡಾಲರಿಗಿಂತ ಕಡಿಮೆ ಬೆಲೆಯ ಪ್ರೋಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಯಂತ್ರ ಅಗ್ಗವಾದಷ್ಟು ವೇಗವಾಗಿ ಕಲಿಸುವವರ ಸಂಖ್ಯೆ ಬೆಳೆಯಲಿಲ್ಲ. ಕಲಿತದ್ದನ್ನು ಅಳೆಯುವ ವ್ಯವಸ್ಥೆಯಂತೂ ಇನ್ನೂ ಹಿಂದೆ ಉಳಿಯಿತು.

ಅಳೆಯುವುದು ಇಲ್ಲಿ ಏಕೆ ಇಷ್ಟು ಮುಖ್ಯ? ಸ್ಕ್ಯಾನಿಂಗ್ ಕೋಣೆಯಲ್ಲಾದರೆ ಕೆಲಸ ಹಂಚಿಹೋಗಿರುತ್ತದೆ. ಚಿಕಿತ್ಸೆ ನೀಡುವ ವೈದ್ಯರು ಪ್ರಶ್ನೆ ಕೇಳುತ್ತಾರೆ, ರೇಡಿಯಾಲಜಿಸ್ಟ್ ನೋಡಿ ವರದಿ ಬರೆಯುತ್ತಾರೆ, ವರದಿ ವಾರ್ಡಿಗೆ ಬಂದಾಗ ಮತ್ತೊಬ್ಬರು ಅದನ್ನು ರೋಗಿಯ ಸ್ಥಿತಿಗೆ ತಾಳೆ ಹಾಕುತ್ತಾರೆ. ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಗುವ ಅವಕಾಶವಿದೆ. ಹಾಸಿಗೆಯ ಪಕ್ಕದಲ್ಲಿ ಪ್ರಶ್ನೆ, ಚಿತ್ರ, ಅರ್ಥ, ತೀರ್ಮಾನ ನಾಲ್ಕೂ ಒಬ್ಬರದೇ. ರಾತ್ರಿ ಎರಡು ಗಂಟೆಗೆ ಕ್ಯಾಶುಯಲ್ಟಿಯಲ್ಲಿ ಆ ಒಬ್ಬರು ಎರಡನೇ ವರ್ಷದ ಪಿ.ಜಿ. ಆಗಿರುತ್ತಾರೆ. ಅವರು 'ಏನೂ ಇಲ್ಲ' ಎಂದರೆ ರೋಗಿಗೆ ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚುತ್ತದೆ.

ಒಂದು ಸ್ಕ್ಯಾನನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಫಾಸ್ಟ್ ಪರೀಕ್ಷೆಯ ಬಲಗಡೆಯ ನೋಟವನ್ನೇ ತೆಗೆದುಕೊಳ್ಳಿ. ಬೈಕಿನಿಂದ ಬಿದ್ದ ಯುವಕ ಅಂಗಾತ ಮಲಗಿದ್ದಾನೆ. ಪ್ರೋಬನ್ನು ಬಲ ಕಂಕುಳಿನ ನೇರಕ್ಕೆ, ಕೆಳಗಿನ ಪಕ್ಕೆಲುಬುಗಳ ಸಂದಿನಲ್ಲಿ ಇಡಬೇಕು. ಪಕ್ಕೆಲುಬಿನ ನೆರಳು ಚಿತ್ರದ ಮಧ್ಯಕ್ಕೆ ಬಂದರೆ ಪ್ರೋಬನ್ನು ಕೊಂಚ ಓರೆಯಾಗಿ ತಿರುಗಿಸಬೇಕು. ಆಗ ಯಕೃತ್ತು ಮತ್ತು ಮೂತ್ರಪಿಂಡ ಒಂದರ ಪಕ್ಕ ಒಂದು ಕಾಣುತ್ತವೆ. ಅವೆರಡರ ನಡುವಿನ ಸಂದು ಮೋರಿಸನ್ ಪೌಚ್. ಅಲ್ಲಿ ಕಪ್ಪು ಪಟ್ಟಿ ಕಂಡರೆ ದ್ರವವಿದೆ ಎಂದರ್ಥ. ಹೊಸಬರು ಇಲ್ಲಿಯವರೆಗೆ ಬೇಗ ಬರುತ್ತಾರೆ. ಕಪ್ಪು ಕಾಣಲಿಲ್ಲವೆಂದು ಅಲ್ಲಿಗೇ ಬಿಟ್ಟು ಮುಂದಿನ ಜಾಗಕ್ಕೆ ಹೋಗುತ್ತಾರೆ. ಆದರೆ ಸ್ವಲ್ಪವೇ ರಕ್ತವಿದ್ದಾಗ ಅದು ಮೊದಲು ಕಾಣಿಸಿಕೊಳ್ಳುವುದು ಬಹಳ ಸಲ ಯಕೃತ್ತಿನ ಕೆಳತುದಿಯ ಬಳಿ. ಪ್ರೋಬನ್ನು ಕಾಲಿನ ಕಡೆಗೆ ಇನ್ನಷ್ಟು ಜಾರಿಸಿ ಆ ತುದಿಯನ್ನು ನೋಡದೆ 'ಬಲಗಡೆ ದ್ರವವಿಲ್ಲ' ಎಂದು ಬರೆದರೆ, ಅದು ನೋಡದೆ ಬರೆದ ಮಾತು.

ಎಡಗಡೆ ಕಷ್ಟ ಇನ್ನೂ ಹೆಚ್ಚು. ಎಡ ಮೂತ್ರಪಿಂಡ ಮೇಲೆ, ಬೆನ್ನಿಗೆ ಹತ್ತಿರ ಇರುವುದರಿಂದ ಪ್ರೋಬ್ ಹಿಡಿದ ಕೈಯ ಗೆಣ್ಣುಗಳು ಹಾಸಿಗೆಗೆ ತಗಲುವಷ್ಟು ಹಿಂದಕ್ಕೆ ಹೋಗಬೇಕು. ಅಲ್ಲಿ ರಕ್ತ ಮೊದಲು ಸೇರುವುದು ಗುಲ್ಮ ಮತ್ತು ವಪೆಯ ನಡುವೆ. ಗುಲ್ಮ ಹಾಗೂ ಮೂತ್ರಪಿಂಡದ ನಡುವನ್ನಷ್ಟೇ ನೋಡಿದವರಿಗೆ ಅದು ಸಿಗುವುದಿಲ್ಲ. ಇನ್ನು ಕಿಬ್ಬೊಟ್ಟೆ. ಮೂತ್ರಕ್ಕೆ ಕೊಳವೆ ಹಾಕಿ ಚೀಲ ಖಾಲಿ ಮಾಡಿದ ಮೇಲೆ ಸ್ಕ್ಯಾನ್ ಮಾಡಿದರೆ ನೋಡಲು ಕಿಟಕಿಯೇ ಇರುವುದಿಲ್ಲ. ಮೂತ್ರಚೀಲ ತುಂಬಿದ್ದರೆ ಅದರ ಹಿಂದಿನ ಭಾಗ ತನ್ನಿಂದ ತಾನೇ ಬೆಳ್ಳಗೆ ಹೊಳೆಯುತ್ತದೆ. ಗೇನ್, ಅಂದರೆ ಚಿತ್ರದ ಹೊಳಪು, ತಗ್ಗಿಸದಿದ್ದರೆ ಆ ಹೊಳಪಿನಲ್ಲಿ ತೆಳುವಾದ ದ್ರವ ಮುಚ್ಚಿಹೋಗುತ್ತದೆ. ಹೃದಯದ ಮುಂದಿನ ಕೊಬ್ಬನ್ನು ರಕ್ತವೆಂದು, ಜಠರದೊಳಗಿನ ನೀರನ್ನು ಹೊಟ್ಟೆಯ ಕುಹರದ ದ್ರವವೆಂದು ತಿಳಿಯುವುದೂ ಉಂಟು. ಇಷ್ಟೆಲ್ಲ ಮೂರ್ನಾಲ್ಕು ನಿಮಿಷದಲ್ಲಿ ಮುಗಿಯಬೇಕಾದ ಕೆಲಸ. ಇದರಲ್ಲಿ ಯಾವ ಹೆಜ್ಜೆ ತಪ್ಪಿತೆಂಬುದು ಸಹಿಯಿಂದಾಗಲಿ, ಲಿಖಿತ ಪರೀಕ್ಷೆಯಿಂದಾಗಲಿ ಗೊತ್ತಾಗದು. ಪಕ್ಕದಲ್ಲಿ ನಿಂತು ಕೈಯನ್ನೂ ಪರದೆಯನ್ನೂ ಒಟ್ಟಿಗೆ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಈ ವಿಷಯದಲ್ಲಿ ನನಗೆ ಬಹಳ ಮುಖ್ಯವೆನಿಸುವ ಪ್ರಯೋಗವೊಂದು 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಆ ಕಾಲದಲ್ಲಿ ಅಪಘಾತದ ರೋಗಿಗಳ ಹೊಟ್ಟೆಗೆ ದ್ರಾವಣ ಹರಿಸಿ, ಅದನ್ನು ಹೊರತೆಗೆದು ರಕ್ತವಿದೆಯೇ ಎಂದು ನೋಡುವ ಪದ್ಧತಿಯಿತ್ತು. ಬ್ರಾನಿ ಮತ್ತು ಸಂಗಡಿಗರು ಅದನ್ನೇ ಬಳಸಿಕೊಂಡು, ದ್ರಾವಣ ಒಳಗೆ ಹೋಗುತ್ತಿರುವಾಗಲೇ ವೈದ್ಯರಿಗೆ ಮೋರಿಸನ್ ಪೌಚ್ ನೋಡಲು ಹೇಳಿದರು. ಎಷ್ಟು ಹೋಗಿದೆಯೆಂಬುದು ನೋಡುವವರಿಗೆ ತಿಳಿಸಿರಲಿಲ್ಲ. ನೂರು ರೋಗಿಗಳಲ್ಲಿ ದ್ರವ ಮೊದಲು ಕಣ್ಣಿಗೆ ಬಿದ್ದದ್ದು ಸರಾಸರಿ 619 ಮಿಲಿಲೀಟರ್ ಒಳಗೆ ಹೋದ ಮೇಲೆ. 400 ಮಿಲಿಲೀಟರಿಗಿಂತ ಕಡಿಮೆ ಇದ್ದಾಗಲೇ ಗುರುತಿಸಿದವರು ಹತ್ತರಲ್ಲಿ ಒಬ್ಬರು ಮಾತ್ರ. ಒಂದು ಲೀಟರ್ ಆದಾಗ ಶೇಕಡಾ 97 ಮಂದಿಗೆ ಕಂಡಿತು. ಒಂದೇ ಯಂತ್ರ, ಒಂದೇ ಸಂದು, ಆದರೆ ಕಣ್ಣಿಗೂ ಕಣ್ಣಿಗೂ ಅರ್ಧ ಲೀಟರಿನಷ್ಟು ಅಂತರ. ರಕ್ತ ಸುರಿಯುತ್ತಿರುವ ರೋಗಿಗೆ ಆ ಅಂತರ ಬಹಳ ದೊಡ್ಡದು.

ಇಷ್ಟಾದರೂ ಸಂಖ್ಯೆಯ ಮೋಹ ಏಕೆ ಹೋಗಿಲ್ಲ? ಅಮೆರಿಕದ ತುರ್ತುಚಿಕಿತ್ಸಾ ವೈದ್ಯರ ಕಾಲೇಜಿನ ಮಾರ್ಗಸೂಚಿ 2001ರಲ್ಲಿ ಹೊರಬಂದು ಆಮೇಲೆ ಹಲವು ಸಲ ಪರಿಷ್ಕೃತವಾಗಿದೆ. ಒಂದೊಂದು ಬಗೆಯ ಸ್ಕ್ಯಾನಿಗೆ 25ರಿಂದ 50, ಒಟ್ಟಾರೆ 150ರಿಂದ 300 ಎಂಬುದು ಅದರಿಂದ ಹಬ್ಬಿದ ಅಂಕಿ. ಅಲ್ಲಿನ ತುರ್ತುಚಿಕಿತ್ಸೆಯ ರೆಸಿಡೆಂಟರಿಗೆ ಕನಿಷ್ಠ 150 ಎಂಬ ಗುರಿ ಇದೆ. ಕೆನಡಾದ ಸ್ವತಂತ್ರ ಪ್ರಮಾಣಪತ್ರಕ್ಕೆ ಪ್ರತಿ ಮೂಲ ಬಗೆಗೆ 50 ಬೇಕು. ಆದರೆ ಅಲ್ಲಿ ಅದರ ಮೇಲೆ ಪರೀಕ್ಷೆಯೂ ಇದೆ. ಬ್ರಿಟನ್ನಿನಲ್ಲಿ ತೀವ್ರನಿಗಾ ಘಟಕದ ವೈದ್ಯರಿಗಿರುವ 'ಫ್ಯೂಸಿಕ್' ತರಬೇತಿಯೂ ಹೃದಯಕ್ಕೆ 50 ಸ್ಕ್ಯಾನ್ ಕೇಳುತ್ತದೆ, ಆಮೇಲೆ ಹಿರಿಯರೆದುರು ಮಾಡಿ ತೋರಿಸಬೇಕು. ಈ ಅಂಕಿಗಳು ಬಹುಮಟ್ಟಿಗೆ ತಜ್ಞರು ಕೂತು ಒಪ್ಪಿಕೊಂಡವು. ಅಳತೆಯಿಂದ ಹುಟ್ಟಿದವು ಕಡಿಮೆ. ಸಂಖ್ಯೆಯನ್ನು ಹೀಗಳೆಯಲು ನಾನು ತಯಾರಿಲ್ಲ. ವಿದ್ಯಾರ್ಥಿಗೆ ಅಭ್ಯಾಸಕ್ಕೆ ಅವಕಾಶ ಕೊಡಲೇಬೇಕೆಂದು ಕಾಲೇಜನ್ನು ಕಟ್ಟಿಹಾಕುವ ಶಕ್ತಿ ಅದಕ್ಕಿದೆ. 'ನಮ್ಮಲ್ಲಿ ಯಂತ್ರ ಇಲ್ಲ, ಇದ್ದರೂ ಬೀಗ ಹಾಕಿದೆ' ಎನ್ನುವ ವಿಭಾಗದೆದುರು ಸಂಖ್ಯೆಯೊಂದೇ ವಿದ್ಯಾರ್ಥಿಯ ಕೈಯಲ್ಲಿರುವ ಆಧಾರ. ಅವಕಾಶ ಸಿಕ್ಕಿತ್ತು ಎನ್ನುವುದನ್ನೇ ಕೌಶಲ ಬಂತು ಎಂದು ಓದಿಕೊಂಡಾಗ ಮಾತ್ರ ತೊಂದರೆ ಶುರುವಾಗುತ್ತದೆ.

ಏಕೆಂದರೆ ಎಲ್ಲರೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ, ಎಲ್ಲ ಸ್ಕ್ಯಾನ್‌ಗಳೂ ಒಂದೇ ವೇಗದಲ್ಲಿ ಕಲಿಸಿಕೊಳ್ಳುವುದಿಲ್ಲ. ಮೂತ್ರಚೀಲವನ್ನು ಗುರುತಿಸುವುದಕ್ಕೂ ಹೃದಯದ ಎಡ ಕುಹರ ಎಷ್ಟು ಚೆನ್ನಾಗಿ ಹಿಂಡುತ್ತಿದೆ ಎಂದು ಕಣ್ಣಳತೆಯಲ್ಲಿ ಹೇಳುವುದಕ್ಕೂ ಹೋಲಿಕೆಯೇ ಇಲ್ಲ. ಕಲಿಕೆಯ ಗ್ರಾಫ್ ಹಾಕಿ ನೋಡಿದ ಅಧ್ಯಯನಗಳಲ್ಲಿ ಒಂದೊಂದು ಬಗೆಯ ಸ್ಕ್ಯಾನಿನ ಗೆರೆ ಒಂದೊಂದು ಕಡೆ ಸಮತಟ್ಟಾಗುತ್ತದೆ. ಇದಕ್ಕೆ ಕಾರ್ಖಾನೆಗಳಿಂದ ಎರವಲು ಬಂದ ಒಳ್ಳೆಯ ಉಪಾಯವೊಂದಿದೆ, ಕ್ಯುಸಮ್ ಎಂದು ಹೆಸರು. 1954ರಲ್ಲಿ ಇ.ಎಸ್. ಪೇಜ್ ಎಂಬ ಸಂಖ್ಯಾಶಾಸ್ತ್ರಜ್ಞರು ಉತ್ಪನ್ನಗಳ ಗುಣಮಟ್ಟ ಕುಸಿಯುವುದನ್ನು ಬೇಗ ಪತ್ತೆಹಚ್ಚಲು ರೂಪಿಸಿದ ಲೆಕ್ಕ ಅದು. ಪ್ರತಿ ಸ್ಕ್ಯಾನ್ ಸರಿಯೋ ತಪ್ಪೋ ಎಂದು ಗುರುತಿಸುತ್ತ ಹೋದರೆ ವಿದ್ಯಾರ್ಥಿಯ ಗೆರೆ ಮೇಲೆ ಕೆಳಗೆ ಓಡಾಡುತ್ತದೆ. ಒಪ್ಪಿತ ಮಟ್ಟದೊಳಗೆ ಅದು ನೆಲೆನಿಂತ ದಿನ ಆ ವಿದ್ಯಾರ್ಥಿಗೆ ಆ ಸ್ಕ್ಯಾನ್ ಬಂದಂತೆ. ಒಬ್ಬರಿಗೆ ಅದು ಇಪ್ಪತ್ತಕ್ಕೇ ಆಗಬಹುದು, ಇನ್ನೊಬ್ಬರಿಗೆ ಎಂಬತ್ತಾದರೂ ಆಗದಿರಬಹುದು. ಆದರೆ ಪ್ರತಿಯೊಂದನ್ನೂ ಸರಿ ತಪ್ಪು ಎಂದು ಹೇಳಲು ಯಾರಾದರೂ ನೋಡಿರಬೇಕಲ್ಲ? ಈ ಇಡೀ ಚರ್ಚೆ ಎಲ್ಲಿ ಶುರುವಾದರೂ ಬಂದು ನಿಲ್ಲುವುದು ಈ ಪ್ರಶ್ನೆಯ ಬಳಿಯೇ.

ಸುಲಭದ ಇನ್ನೊಂದು ದಾರಿ ವಿದ್ಯಾರ್ಥಿಯನ್ನೇ ಕೇಳುವುದು. ಎರಡು ದಿನದ ಕಾರ್ಯಾಗಾರ ಮುಗಿದ ಮೇಲೆ ಫಾರ್ಮ್ ಹಂಚುತ್ತಾರೆ: 'ಈಗ ನಿಮಗೆ ಎಷ್ಟು ಆತ್ಮವಿಶ್ವಾಸವಿದೆ, ಒಂದರಿಂದ ಐದರೊಳಗೆ ಬರೆಯಿರಿ.' ಎಲ್ಲರೂ ನಾಲ್ಕು, ಐದು ಬರೆದು ಕೊಡುತ್ತಾರೆ. ಕಾರ್ಯಾಗಾರ ಯಶಸ್ವಿಯಾಯಿತೆಂದು ವರದಿಯಾಗುತ್ತದೆ. ವೈದ್ಯರು ತಮ್ಮನ್ನು ತಾವೇ ಅಳೆದುಕೊಂಡದ್ದು ಹೊರಗಿನವರ ಅಳತೆಗೆ ಸರಿಹೊಂದುವುದಿಲ್ಲವೆಂದು, ಅದರಲ್ಲೂ ಕಡಿಮೆ ಬಲ್ಲವರಲ್ಲಿ ಈ ತಪ್ಪಂದಾಜು ಹೆಚ್ಚೆಂದು, 'ಜಾಮಾ' ಪತ್ರಿಕೆಯಲ್ಲಿ 2006ರಲ್ಲಿ ಬಂದ ಸಮೀಕ್ಷೆ ತೋರಿಸಿಕೊಟ್ಟಿದೆ. ಆತ್ಮವಿಶ್ವಾಸದ ಅಂಕವನ್ನು ಕೌಶಲದ ಅಂಕವೆಂದು ಮುಂದಿಡುವುದನ್ನು ಇನ್ನಾದರೂ ನಿಲ್ಲಿಸಬೇಕು.

ಹಾಗಾದರೆ ಅಳೆಯುವುದು ಹೇಗೆ? ವೈದ್ಯಶಿಕ್ಷಣದಲ್ಲಿ ಎಲ್ಲರೂ ಬಳಸುವ ಚೌಕಟ್ಟು ಜಾರ್ಜ್ ಮಿಲ್ಲರ್ 1990ರಲ್ಲಿ ಕೊಟ್ಟ ಪಿರಮಿಡ್ಡು. ತಳದಲ್ಲಿ ಗೊತ್ತಿರುವುದು, ಅದರ ಮೇಲೆ ಹೇಗೆ ಮಾಡುವುದೆಂದು ಗೊತ್ತಿರುವುದು, ಅದರ ಮೇಲೆ ಮಾಡಿ ತೋರಿಸುವುದು, ತುದಿಯಲ್ಲಿ ದಿನನಿತ್ಯದ ಕೆಲಸದಲ್ಲಿ ನಿಜವಾಗಿ ಮಾಡುವುದು. ಬಹುಆಯ್ಕೆಯ ಪ್ರಶ್ನೆಗಳು ತಳದಲ್ಲೇ ಉಳಿಯುತ್ತವೆ. ಚಿತ್ರ, ವಿಡಿಯೊ ತುಣುಕುಗಳನ್ನು ತೋರಿಸಿ 'ಇದು ಏನು' ಎಂದು ಕೇಳುವ ಪರೀಕ್ಷೆ ಒಂದು ಮೆಟ್ಟಿಲು ಮೇಲಿನದು. ಅಗ್ಗವಾದದ್ದು, ನೂರಾರು ಮಂದಿಗೆ ಒಟ್ಟಿಗೆ ಕೊಡಬಹುದು. ಅದರಲ್ಲಿ ಸಾಮಾನ್ಯ ಚಿತ್ರಗಳನ್ನೂ, ನೋಡಲಾಗದಷ್ಟು ಕೆಟ್ಟ ಚಿತ್ರಗಳನ್ನೂ ಧಾರಾಳವಾಗಿ ಬೆರೆಸಿರಬೇಕು. 'ಈ ಚಿತ್ರದಿಂದ ಏನೂ ಹೇಳಲಾಗದು' ಎಂಬುದು ಸರಿಯುತ್ತರವಾಗಿರುವ ಪ್ರಶ್ನೆಯೇ ಇಲ್ಲದ ಪರೀಕ್ಷೆ ನನ್ನ ದೃಷ್ಟಿಯಲ್ಲಿ ಅರ್ಧ ಪರೀಕ್ಷೆ. ಅದೂ ಅಲ್ಲದೆ, ಬೇರೆಯವರು ತೆಗೆದ ಚಿತ್ರವನ್ನು ಓದಬಲ್ಲವರು ತಾವೇ ಆ ಚಿತ್ರ ತೆಗೆಯಬಲ್ಲರು ಎಂದೇನಿಲ್ಲ. ಎರಡೂ ಬೇರೆ ಬೇರೆ ವಿದ್ಯೆ.

ಮಾಡಿ ತೋರಿಸುವ ಹಂತಕ್ಕೆ ಬಂದರೆ ಆಸ್ಕಿ ಪರೀಕ್ಷೆ ಇದೆ. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಶುರುಮಾಡಿದ ಈ ಪದ್ಧತಿಯಲ್ಲಿ ವಿದ್ಯಾರ್ಥಿಗಳು ಗಂಟೆ ಹೊಡೆದಂತೆ ಒಂದು ಟೇಬಲಿನಿಂದ ಮತ್ತೊಂದಕ್ಕೆ ಸಾಗುತ್ತಾರೆ. ಎಲ್ಲರಿಗೂ ಒಂದೇ ಕೆಲಸ, ಒಂದೇ ಅಂಕಪಟ್ಟಿ. ಸ್ಕ್ಯಾನಿಗೆ ಇದು ಹೊಂದುತ್ತದೆ, ಆದರೆ ಟೇಬಲಿನ ಮೇಲೆ ಮಲಗುವವರು ಸಾಮಾನ್ಯವಾಗಿ ತೆಳ್ಳಗಿನ, ಆರೋಗ್ಯವಂತ ಯುವಕರು. ಉಸಿರು ಹಿಡಿಯಿರಿ ಎಂದರೆ ಹಿಡಿಯುತ್ತಾರೆ, ಪಕ್ಕಕ್ಕೆ ತಿರುಗಿ ಎಂದರೆ ತಿರುಗುತ್ತಾರೆ. ನಿಜವಾದ ರೋಗಿಗೆ ಹೊಟ್ಟೆ ಉಬ್ಬರಿಸಿರುತ್ತದೆ, ಎದೆಗೆ ಬ್ಯಾಂಡೇಜ್ ಸುತ್ತಿರುತ್ತದೆ, ಮುಟ್ಟಿದರೆ ನೋವೆಂದು ಕೂಗುತ್ತಾರೆ. ಅದಲ್ಲದೆ ಆರೋಗ್ಯವಂತರ ಹೊಟ್ಟೆಯಲ್ಲಿ ದ್ರವ ಸಿಗದು. ಕೆಲವು ಕಡೆ ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರ ಒಪ್ಪಿಗೆ ಪಡೆದು ಅವರನ್ನು ಮಾದರಿಯಾಗಿ ಬಳಸಿಕೊಂಡದ್ದುಂಟು: ಅವರ ಹೊಟ್ಟೆಯಲ್ಲಿ ದ್ರಾವಣವಿರುವುದರಿಂದ ಫಾಸ್ಟ್ ಪರೀಕ್ಷೆಯಲ್ಲಿ ಕಪ್ಪು ಪಟ್ಟಿ ಕಂಡೇ ಕಾಣುತ್ತದೆ. ಒಪ್ಪಿಗೆಯ ಮಾತು ಇಲ್ಲಿ ಸುಮ್ಮನೆ ಹೇಳಿದ್ದಲ್ಲ. ನಮ್ಮ ಬೋಧನಾ ಆಸ್ಪತ್ರೆಗಳಲ್ಲಿ ಪರೀಕ್ಷೆಯ ದಿನ ಹಾಸಿಗೆ ಮೇಲಿನ ಬಡ ರೋಗಿಯನ್ನು ಕೇಳದೆಯೇ ಹತ್ತು ಮಂದಿ ಮುಟ್ಟಿ ನೋಡುವ ಅಭ್ಯಾಸ ಇನ್ನೂ ಇದೆ. ಅಳತೆಯ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವಾಗ ಅದನ್ನು ಬಿಡಬೇಕು.

ಅಂಕಪಟ್ಟಿಯಲ್ಲಿ ಏನಿರಬೇಕು ಎಂಬುದರ ಬಗ್ಗೆ ಅತಿ ಹೆಚ್ಚು ಕೆಲಸ ನಡೆದದ್ದು ಡೆನ್ಮಾರ್ಕಿನಲ್ಲಿ. ಕೋಪನ್‌ಹೇಗನ್ನಿನ ಮಾರ್ಟಿನ್ ಟೋಲ್ಸ್‌ಗಾರ್ಡ್ ಮತ್ತು ಸಂಗಡಿಗರು ಪ್ರಸೂತಿ, ಶಸ್ತ್ರಚಿಕಿತ್ಸೆ, ರೇಡಿಯಾಲಜಿ, ತುರ್ತುಚಿಕಿತ್ಸೆ ಮುಂತಾದ ವಿಭಾಗಗಳ ತಜ್ಞರನ್ನು ಹಲವು ದೇಶಗಳಿಂದ ಸೇರಿಸಿ, ಡೆಲ್ಫಿ ಪದ್ಧತಿಯಲ್ಲಿ ಸುತ್ತು ಸುತ್ತಾಗಿ ಅಭಿಪ್ರಾಯ ಕೇಳಿ, 2013ರಲ್ಲಿ 'ಓಸಾಸ್' ಎಂಬ ಅಳತೆಗೋಲನ್ನು ಪ್ರಕಟಿಸಿದರು. ಅದರಲ್ಲಿ ಏಳು ಅಂಶಗಳಿವೆ: ಈ ಸ್ಕ್ಯಾನ್ ಏಕೆ ಬೇಕು, ಯಂತ್ರದ ತಿಳಿವಳಿಕೆ, ಚಿತ್ರವನ್ನು ಸರಿಪಡಿಸುವುದು, ಕ್ರಮಬದ್ಧವಾಗಿ ನೋಡುವುದು, ಅರ್ಥೈಸುವುದು, ದಾಖಲಿಸುವುದು, ಚಿಕಿತ್ಸೆಯ ತೀರ್ಮಾನ. ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ. ಇದರ ವಿಶೇಷ ಮೊದಲಿನ ಮತ್ತು ಕೊನೆಯ ಅಂಶಗಳಲ್ಲಿದೆ. ಅಲ್ಟ್ರಾಸೌಂಡ್ ಪರೀಕ್ಷೆಯೆಂದರೆ ಚಿತ್ರ ಚೆನ್ನಾಗಿದೆಯೇ ಎಂದಷ್ಟೇ ನೋಡುತ್ತಿದ್ದ ಕಾಲದಲ್ಲಿ, ಸ್ಕ್ಯಾನಿಗೆ ಮುಂಚಿನ ಯೋಚನೆ ಮತ್ತು ಸ್ಕ್ಯಾನಿನ ನಂತರದ ಯೋಚನೆ ಎರಡೂ ಕೌಶಲದ ಒಳಗೇ ಬರುತ್ತವೆಂದು ಅದು ಎತ್ತಿಹಿಡಿಯಿತು. 'ಪ್ರೋಬಿಗೆ ಜೆಲ್ ಹಚ್ಚಿದರೇ, ಹೌದು ಅಥವಾ ಇಲ್ಲ' ಎಂಬಂಥ ಟಿಕ್ ಪಟ್ಟಿಗಳಿಗಿಂತ ಅನುಭವಿ ಪರೀಕ್ಷಕರು ಒಟ್ಟಂದದಿಂದ ಕೊಡುವ ಅಂಕವೇ ನುರಿತವರನ್ನೂ ಹೊಸಬರನ್ನೂ ಚೆನ್ನಾಗಿ ಬೇರ್ಪಡಿಸುತ್ತದೆಂದು ಶಸ್ತ್ರಚಿಕಿತ್ಸೆಯ ಕೌಶಲ ಅಳೆದ ಟೊರಾಂಟೊದ ಅಧ್ಯಯನಗಳು 1990ರ ದಶಕದಲ್ಲೇ ತೋರಿಸಿದ್ದವು. ಓಸಾಸ್ ಆ ದಾರಿಯಲ್ಲೇ ಬಂದದ್ದು.

ಕೊನೆಯ ಅಂಶವಾದ ತೀರ್ಮಾನ ಎಷ್ಟು ನಿರ್ಣಾಯಕ ಎಂಬುದಕ್ಕೆ ನಮ್ಮ ಮಳೆಗಾಲದ ವಾರ್ಡಿಗೆ ಬನ್ನಿ. ಮೋರಿಸನ್ ಪೌಚಿನಲ್ಲಿ ಒಂದು ಬೆರಳಗಲದ ಕಪ್ಪು ಪಟ್ಟಿ ಕಾಣುತ್ತಿದೆ. ರೋಗಿ ಬಸ್ಸಿಗೆ ಸಿಕ್ಕಿ ಬಂದವರಾಗಿದ್ದು ಬಿ.ಪಿ. ಕುಸಿಯುತ್ತಿದ್ದರೆ ಅದು ರಕ್ತ, ಥಿಯೇಟರಿಗೆ ಓಡಬೇಕು. ಐದನೇ ದಿನದ ಡೆಂಗಿ ಜ್ವರದ ಹುಡುಗಿಯಾಗಿದ್ದರೆ ಅದು ರಕ್ತನಾಳದಿಂದ ಸೋರಿದ ಪ್ಲಾಸ್ಮಾ; ಪಿತ್ತಕೋಶದ ಗೋಡೆ ದಪ್ಪಗಾಗಿದೆಯೇ, ಎದೆಯಲ್ಲೂ ನೀರಿದೆಯೇ ಎಂದು ನೋಡಿ, ಡ್ರಿಪ್ಪನ್ನು ಎಚ್ಚರದಿಂದ ಹೊಂದಿಸಬೇಕು. ವರ್ಷಗಟ್ಟಲೆ ಕುಡಿದು ಯಕೃತ್ತು ಕೆಟ್ಟವರಾಗಿದ್ದರೆ ಅದು ಎಂದಿನಿಂದಲೋ ಇರುವ ಹೊಟ್ಟೆ ನೀರು. ಚಿತ್ರ ಮೂರರಲ್ಲೂ ಒಂದೇ. ಚಿತ್ರವನ್ನು ಮಾತ್ರ ನೋಡಿ ಅಂಕ ಕೊಡುವ ಪರೀಕ್ಷಕರಿಗೆ ಈ ಮೂವರ ನಡುವಿನ ಭೇದ ತಿಳಿದ ವಿದ್ಯಾರ್ಥಿ ಯಾರು, ತಿಳಿಯದವರು ಯಾರು ಎಂದು ಗೊತ್ತಾಗುವುದೇ ಇಲ್ಲ.

ಅಳತೆಗೋಲು ಎಷ್ಟೇ ಚೆನ್ನಾಗಿರಲಿ, ಒಂದೇ ಸಲ ಅಳೆದರೆ ಸಾಲದು. ಒಂದು ರೋಗದಲ್ಲಿ ಚುರುಕಾದ ವೈದ್ಯರು ಇನ್ನೊಂದರಲ್ಲೂ ಚುರುಕಾಗಿರುತ್ತಾರೆ ಎಂದು ಹೇಳಲಾಗದು ಎಂಬುದನ್ನು ಆರ್ಥರ್ ಎಲ್‌ಸ್ಟೈನ್ ಮತ್ತು ಸಂಗಡಿಗರು 1978ರಲ್ಲೇ ತೋರಿಸಿದ್ದರು. ಸ್ಕ್ಯಾನಿನಲ್ಲಿ ಇದಕ್ಕೆ ರೋಗಿಯ ಮೈಕಟ್ಟಿನ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ಒಬ್ಬ ಪರೀಕ್ಷಕರು, ಒಬ್ಬ ರೋಗಿ, ಒಂದು ದಿನ ಎಂಬ ಪರೀಕ್ಷೆಯಲ್ಲಿ ಪಾಸಾದವರು ಬೇರೆ ದಿನ ಫೇಲಾಗಬಹುದು. ಹಲವು ರೋಗಿಗಳು, ಒಬ್ಬರಿಗಿಂತ ಹೆಚ್ಚು ಪರೀಕ್ಷಕರು ಬೇಕೇಬೇಕು. ಪಾಸಿನ ಗೆರೆ ಎಲ್ಲಿ ಎಳೆಯಬೇಕು? ನಮಗೆ ರೂಢಿಯಾದ ಶೇಕಡಾ 50 ಇಲ್ಲಿ ಅರ್ಥವಿಲ್ಲದ ಅಂಕಿ. ನುರಿತವರಿಗೂ ಹೊಸಬರಿಗೂ ಅದೇ ಪರೀಕ್ಷೆ ಕೊಟ್ಟು, ಎರಡು ಗುಂಪಿನ ಅಂಕಗಳು ಒಂದನ್ನೊಂದು ಸಂಧಿಸುವ ಜಾಗದಲ್ಲಿ ಗೆರೆ ಎಳೆಯುವ ಪದ್ಧತಿ ಹೆಚ್ಚು ಪ್ರಾಮಾಣಿಕವಾದದ್ದು.

ಪಿರಮಿಡ್ಡಿನ ತುದಿಯನ್ನು, ಅಂದರೆ ಪರೀಕ್ಷೆಯಿಲ್ಲದ ದಿನ ವಿದ್ಯಾರ್ಥಿ ಏನು ಮಾಡುತ್ತಾರೆಂಬುದನ್ನು, ಅಳೆಯಲು ಎರಡು ದಾರಿಗಳಿವೆ. ಒಂದು ಹಾಲೆಂಡಿನ ಓಲೆ ಟೆನ್ ಕೇಟ್ 2005ರಲ್ಲಿ ಮುಂದಿಟ್ಟ ನಂಬಿಕೆಯ ಮಟ್ಟಗಳು. ಪರೀಕ್ಷಕರು ಹತ್ತಕ್ಕೆ ಏಳು, ಎಂಟು ಎಂದು ಅಂಕ ಕೊಡುವುದಿಲ್ಲ. 'ಮುಂದಿನ ರೋಗಿಯ ಬಳಿ ಇವರನ್ನು ನಾನು ಹೇಗೆ ಬಿಡುತ್ತೇನೆ' ಎಂದು ಬರೆಯುತ್ತಾರೆ: ನೋಡಲು ಮಾತ್ರ ಬಿಡುತ್ತೇನೆ, ನಾನು ಪಕ್ಕದಲ್ಲಿದ್ದರೆ ಮಾಡಲಿ, ನಾನು ಫೋನಿಗೆ ಸಿಗುವಂತಿದ್ದರೆ ಸಾಕು, ಒಬ್ಬರೇ ಮಾಡಲಿ, ಇನ್ನೊಬ್ಬರಿಗೂ ಕಲಿಸಲಿ. ಹಿರಿಯ ವೈದ್ಯರು ಪ್ರತಿ ರಾತ್ರಿ ಮನಸ್ಸಿನಲ್ಲೇ ಮಾಡುವ ಲೆಕ್ಕ ಇದು. ಅದನ್ನು ಕಾಗದದ ಮೇಲೆ ತಂದು, ಹೆಸರಿನ ಮುಂದೆ ಹೊಣೆಯೊಂದಿಗೆ ಬರೆಯುವಂತೆ ಮಾಡಿದ್ದು ಈ ಪದ್ಧತಿಯ ಹೆಚ್ಚುಗಾರಿಕೆ.

ಇನ್ನೊಂದು ದಾರಿ ಚಿತ್ರಗಳನ್ನು ಉಳಿಸಿಟ್ಟು ಆಮೇಲೆ ಮರುಪರಿಶೀಲಿಸುವುದು. ಇದರ ಬೆಲೆ ತಿಳಿಯಲು ಹಾಸಿಗೆ ಪಕ್ಕದಿಂದ ಸ್ವಲ್ಪ ದೂರ ಹೋಗಿ, ಗರ್ಭದ ಶಿಶುವಿನ ಕತ್ತಿನ ಹಿಂಭಾಗದ ದ್ರವದ ದಪ್ಪವನ್ನು ಅಳೆಯುವ ಸ್ಕ್ಯಾನನ್ನು ನೋಡಬೇಕು. ಲಂಡನ್ನಿನ ಫೀಟಲ್ ಮೆಡಿಸಿನ್ ಫೌಂಡೇಶನ್ ಇದಕ್ಕೆ ಪ್ರಮಾಣಪತ್ರ ಕೊಡುತ್ತದೆ. ಭಾರತದಲ್ಲೂ ಅನೇಕ ವೈದ್ಯರು ಅದನ್ನು ಪಡೆದಿದ್ದಾರೆ. ಪಾಠ ಓದಿ, ತಾವೇ ತೆಗೆದ ಚಿತ್ರಗಳನ್ನು ಕಳಿಸಿ ಒಪ್ಪಿಗೆ ಪಡೆಯಬೇಕು. ಅಲ್ಲಿಗೆ ಮುಗಿಯಲಿಲ್ಲ, ಅವರ ಅಳತೆಗಳನ್ನು ಮತ್ತೆ ಮತ್ತೆ ಪರಿಶೀಲಿಸಿದ ಮೇಲೆಯೇ ಪರವಾನಗಿ ಮುಂದುವರಿಯುತ್ತದೆ. ಒಮ್ಮೆ ಪಾಸಾದರೆ ಆಯುಷ್ಯಪೂರ್ತಿ ಪಾಸು ಎಂಬ ಮಾತಿಲ್ಲ. ಕಲಿತು ಬಿಟ್ಟ ಸ್ಕ್ಯಾನ್ ಕೆಲವೇ ತಿಂಗಳಲ್ಲಿ ಕೈಬಿಟ್ಟು ಹೋಗುತ್ತದೆಂಬುದು ಗೊತ್ತಿರುವಾಗ, ಹಾಸಿಗೆ ಪಕ್ಕದ ಸ್ಕ್ಯಾನಿಗೂ ಇದೇ ನಿಯಮ ಬರಬೇಕಾದದ್ದು ನ್ಯಾಯ.

ಸಿಮ್ಯುಲೇಟರುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಹೊಸಬರ ಮೊದಲ ತಪ್ಪುಗಳು ರೋಗಿಯ ಮೈಮೇಲೆ ಆಗದಂತೆ ತಡೆಯಲು ಅವು ಒಳ್ಳೆಯವು, ಬೆಲೆ ಹೆಚ್ಚು. ಕೃತಕ ಬುದ್ಧಿಮತ್ತೆಯ ಮಾತು ಬೇರೆ. 'ಪ್ರೋಬನ್ನು ಎಡಕ್ಕೆ ತಿರುಗಿಸಿ, ಇನ್ನೂ ಸ್ವಲ್ಪ' ಎಂದು ದಾರಿ ತೋರಿಸುವ ಹೃದಯದ ಸ್ಕ್ಯಾನ್ ತಂತ್ರಾಂಶಕ್ಕೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿತು. ಅಲ್ಟ್ರಾಸೌಂಡಿನ ಅನುಭವವೇ ಇಲ್ಲದ ಎಂಟು ಮಂದಿ ನರ್ಸ್‌ಗಳು ಅದರ ನೆರವಿನಿಂದ 240 ರೋಗಿಗಳ ಹೃದಯದ ಚಿತ್ರ ತೆಗೆದ ಅಧ್ಯಯನ ಮರುವರ್ಷ ಪ್ರಕಟವಾಯಿತು. ಬಹುಪಾಲು ಚಿತ್ರಗಳು ಓದಲು ಯೋಗ್ಯವಾಗಿದ್ದವು. ಇದು ಹರಡಿದಂತೆ ಚಿತ್ರ ತೆಗೆಯುವ ಕೈಚಳಕಕ್ಕೆ ಕೊಡುವ ಅಂಕ ಕಡಿಮೆಯಾಗಿ, ಯಾವಾಗ ಸ್ಕ್ಯಾನ್ ಮಾಡಬೇಕು, ಯಂತ್ರ ಹೇಳಿದ್ದನ್ನು ಯಾವಾಗ ನಂಬಬಾರದು ಎಂಬುದಕ್ಕೆ ತೂಕ ಹೆಚ್ಚಬೇಕಾಗುತ್ತದೆ.

ಈಗ ನಮ್ಮ ದೇಶ. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಎಂ.ಬಿ.ಬಿ.ಎಸ್. ಪಠ್ಯಕ್ರಮ ಮಿಲ್ಲರ್ ಪಿರಮಿಡ್ಡಿನ ಮೇಲೆಯೇ ನಿಂತಿದೆ. ಒಂದೊಂದು ಸಾಮರ್ಥ್ಯವೂ ತಿಳಿದರೆ ಸಾಕೋ, ಮಾಡಿ ತೋರಿಸಬೇಕೋ, ಸ್ವತಂತ್ರವಾಗಿ ಮಾಡಬೇಕೋ ಎಂದು ಅದರಲ್ಲಿ ಗುರುತಿಸಲಾಗಿದೆ. ಸ್ವತಂತ್ರವಾಗಿ ಮಾಡಬೇಕಾದವಕ್ಕೆ ಎಷ್ಟು ಸಲ ಮಾಡಿದರೆ ಪ್ರಮಾಣೀಕರಿಸಬಹುದು ಎಂಬ ಕಾಲಂ ಕೂಡ ಇದೆ. ಚೌಕಟ್ಟು ಒಳ್ಳೆಯದೇ, ಆದರೆ ಆ ಕಾಲಂ ಮತ್ತೆ ಸಂಖ್ಯೆಯನ್ನೇ ಕೇಳುತ್ತದೆ. ತುರ್ತುಚಿಕಿತ್ಸೆಗೆ ಪ್ರತ್ಯೇಕ ವಿಭಾಗವೆಂಬ ಮನ್ನಣೆ ನಮ್ಮಲ್ಲಿ ಸಿಕ್ಕಿದ್ದೇ 2009ರಲ್ಲಿ. ಹಾಸಿಗೆ ಪಕ್ಕದ ಸ್ಕ್ಯಾನನ್ನು ಚೆನ್ನಾಗಿ ಬಲ್ಲ ಹಿರಿಯರು ಎಲ್ಲ ಕಾಲೇಜುಗಳಲ್ಲೂ ಇನ್ನೂ ಇಲ್ಲ.

ಇದರ ಜೊತೆಗೆ ಬಹಳಷ್ಟು ದೇಶಗಳಲ್ಲಿ ಇಲ್ಲದ ಒಂದು ಪ್ರಶ್ನೆ ನಮಗಿದೆ. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಕಾಯ್ದೆಯಡಿ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಬೇಕು, ಅದನ್ನು ಬಳಸುವವರ ಅರ್ಹತೆ ಕಾನೂನು ಹೇಳಿದಂತೆ ಇರಬೇಕು. ಎತ್ತಿಕೊಂಡು ಹೋಗಬಹುದಾದ ಯಂತ್ರಗಳ ಮೇಲೆ 2012ರಲ್ಲಿ ಇನ್ನಷ್ಟು ನಿರ್ಬಂಧ ಬಂತು. ಈ ಕಾನೂನನ್ನು ತೊಡಕೆಂದು ಗೊಣಗುವ ವೈದ್ಯರೊಂದಿಗೆ ನಾನು ದನಿಗೂಡಿಸಲಾರೆ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವಿಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾದದ್ದನ್ನು ಓದಿದ ಯಾರೂ ಹಾಗೆ ಗೊಣಗಲಾರರು. ಆದರೆ ಅದೇ ಕಾನೂನಿನ ಚರಿತ್ರೆಯಲ್ಲಿ ನಮ್ಮ ವಿಷಯಕ್ಕೆ ಸಂಬಂಧಪಟ್ಟ ಪಾಠವಿದೆ. 2014ರ ನಿಯಮಗಳು ಎಂ.ಬಿ.ಬಿ.ಎಸ್. ವೈದ್ಯರಿಗೆ ಆರು ತಿಂಗಳ, 300 ಗಂಟೆಗಳ ತರಬೇತಿಯನ್ನು ಲಾಗ್‌ಬುಕ್ ಸಮೇತ ವಿಧಿಸಿದವು. ಮೊದಲಿನಿಂದ ಸ್ಕ್ಯಾನ್ ಮಾಡುತ್ತಿದ್ದವರು ಸಾಮರ್ಥ್ಯ ಪರೀಕ್ಷೆಯಲ್ಲಿ ಪಾಸಾದರೆ ತರಬೇತಿಯಿಂದ ವಿನಾಯಿತಿ ಎಂದವು. ದೆಹಲಿ ಹೈಕೋರ್ಟ್ 2016ರಲ್ಲಿ ಈ ತರಬೇತಿಯ ನಿಯಮವನ್ನು ರದ್ದುಮಾಡಿತು, ಸುಪ್ರೀಂ ಕೋರ್ಟ್ 2018ರಲ್ಲಿ ಆ ತೀರ್ಪಿಗೆ ತಡೆ ನೀಡಿತು. ಸ್ಕ್ಯಾನ್ ಮಾಡುವವರ ಸಾಮರ್ಥ್ಯವನ್ನು ಪರೀಕ್ಷಿಸಬೇಕೆಂಬ ತತ್ವ ನಮ್ಮ ಕಾನೂನಿನಲ್ಲಿ ಆಗಲೇ ಬಂದಿದೆ. ಗರ್ಭಕ್ಕೆ ಸಂಬಂಧವೇ ಇಲ್ಲದ ಹೃದಯ, ಶ್ವಾಸಕೋಶ, ಅಪಘಾತದ ಸ್ಕ್ಯಾನುಗಳಿಗೆ ಅಂಥದೇ ಒಂದು ಮಟ್ಟವನ್ನು ವೈದ್ಯಶಿಕ್ಷಣವೇ ಮುಂದೆ ಬಂದು ಹಾಕಿಕೊಡಬೇಕು.

ಕಷ್ಟ ಹಣದ್ದಲ್ಲ, ಸಮಯದ್ದು. ನಿತ್ಯ ನೂರಾರು ಹೊರರೋಗಿಗಳನ್ನು ನೋಡುವ ಸರ್ಕಾರಿ ಬೋಧನಾ ಆಸ್ಪತ್ರೆಯಲ್ಲಿ ಅಸೋಸಿಯೇಟ್ ಪ್ರೊಫೆಸರ್ ಒಬ್ಬರು ಪಿ.ಜಿ. ಪಕ್ಕದಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡುವುದನ್ನು ಯಾರೂ ಕೆಲಸವೆಂದು ಲೆಕ್ಕ ಹಿಡಿಯುವುದಿಲ್ಲ. ಲೇಖನ ಪ್ರಕಟಿಸಿದರೆ ಬಡ್ತಿಯಿದೆ, ನಿಂತು ನೋಡಿದರೆ ಏನೂ ಇಲ್ಲ. ಸಹಿಗಳು ತಿಂಗಳ ಕೊನೆಗೆ ಒಟ್ಟಿಗೆ ಬೀಳುವುದು ಸೋಮಾರಿತನದಿಂದ ಅಲ್ಲ, ಈ ಲೆಕ್ಕಾಚಾರದಿಂದ. ಈಗ ಪಿ.ಜಿ.ಗಳೆಲ್ಲ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಅಲ್ಲಿ ರಾತ್ರಿ ರೇಡಿಯಾಲಜಿಸ್ಟ್ ಸಿಗುವುದು ಅಪರೂಪ, ಪ್ರೋಬ್ ಹಿಡಿಯುವ ಸಂದರ್ಭ ಅವರಿಗೆ ಬಂದೇ ಬರುತ್ತದೆ. ಅಲ್ಲಿಗೆ ಹೋಗುವ ಮೊದಲೇ ಅವರನ್ನು ಯಾರಾದರೂ ಅಳೆದಿರಬೇಕು.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ ಅದರ ಕಾಲೇಜುಗಳ ಹಿರಿಯರಿಗೂ ನನ್ನ ಕೋರಿಕೆ ದೊಡ್ಡದೇನಲ್ಲ. ಲಾಗ್‌ಬುಕ್ಕಿನ ಸಂಖ್ಯೆ ಇರಲಿ, ಅದರ ಪಕ್ಕದಲ್ಲಿ 'ಪಕ್ಕದಲ್ಲಿ ನಿಂತು ನೋಡಿದ್ದೇನೆ' ಎಂಬ ಬೇರೆಯೇ ಕಾಲಂ ಬರಲಿ. ಆ ಸಹಿ ಅದೇ ದಿನ ಬೀಳಲಿ. ಪ್ರತಿ ಪಿ.ಜಿ.ಯ ಕೆಲವಾದರೂ ಸ್ಕ್ಯಾನುಗಳ ವಿಡಿಯೊ ತುಣುಕು ರೋಗಿಯ ಹೆಸರಿಲ್ಲದೆ ಉಳಿಯಲಿ, ವಾರಕ್ಕೊಂದು ಗಂಟೆ ರೇಡಿಯಾಲಜಿಯವರೊಂದಿಗೆ ಕೂತು ನೋಡುವಂತಾಗಲಿ. 'ನನಗೆ ಕಾಣುತ್ತಿಲ್ಲ ಸರ್' ಎಂದ ವಿದ್ಯಾರ್ಥಿಯ ಅಂಕ ಕಳೆಯಬೇಡಿ. ನಿಂತು ನೋಡುವ ಹಿರಿಯರ ಸಮಯವನ್ನು ಬೋಧನೆಯ ಗಂಟೆಯೆಂದು ಆದೇಶದಲ್ಲಿ ಬರೆಯಿರಿ. ಉಳಿದ ಎಲ್ಲ ಸುಧಾರಣೆಗಿಂತ ಈ ಕೊನೆಯದೇ ಮೊದಲು ಆಗಬೇಕಾದದ್ದು.